ಕ್ಷೌರದಂಗಡಿಗೆ ಬಂದು ನಿಂತ ಕಾಯ್ದೆ

ಕಾನೂನಿನ ಪುಸ್ತಕದಲ್ಲಿ ಊರಿನ ಬೀದಿ ಕಾಣುವುದು ಅಪರೂಪ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಅದು ಕಾಣುತ್ತದೆ. ಅಂಗಡಿ ಅಂದರೆ ಯಾವುದೆಂದು ವಿವರಿಸುವ ಕಡೆ ಲಾಂಡ್ರಿಯನ್ನೂ ಕ್ಷೌರದಂಗಡಿಯನ್ನೂ ಹೆಸರು ಹಿಡಿದು ಸೇರಿಸಿದ್ದಾರೆ. ಅವಮಾನ ಎಲ್ಲಿ ನಡೆಯುತ್ತದೆ ಎಂಬುದು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷ ತಡವಾಗಿ, 1964ರ ಜುಲೈ 2ರಂದು, ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ಊಟದ ಮನೆ, ಚಿತ್ರಮಂದಿರಗಳನ್ನು ಕರಿಯರಿಗೆ ತೆರೆಯಿತು. ಅದರಲ್ಲಿ ಬಿಡಿಯಾಗಿ ನಿಂತ ಕ್ಷೌರದಂಗಡಿ ಸೇರಲಿಲ್ಲ. ವಸತಿ ಹೋಟೆಲಿನಂಥ ಕಟ್ಟಡದೊಳಗಿದ್ದರಷ್ಟೇ ಕಾಯ್ದೆ ಅನ್ವಯ. ಬರಹದ ಮಟ್ಟಿಗೆ ನಮ್ಮದೇ ಹೆಚ್ಚು ತುಂಬಿದ ಕಾಯ್ದೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಇಂದಿನ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಮಟ್ಟಿಗಂತೂ ಇಂಥ ಕಾನೂನು ಇನ್ನೂ ಹಳೆಯದು. ಈ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದಾಗಲೇ, 1923ರಲ್ಲಿ, ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ಪ್ರಾಂತ್ಯದ ಶಾಸನಸಭೆ ಒಪ್ಪಿತ್ತು. ಸರಕಾರದ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಎಂಬುದು ಅದರ ಸಾರ. 1927ರಲ್ಲಿ ಅಂಬೇಡ್ಕರ್ ಮಹಾಡದ ಕೆರೆಗೆ ಇಳಿದದ್ದು ಇದೇ ಗೊತ್ತುವಳಿಯ ಬಲದ ಮೇಲೆ. 1947ರಲ್ಲಿ ಸಾಮಾಜಿಕ ನಿರ್ಬಂಧ ತೆಗೆಯುವ ಕಾಯ್ದೆಯೂ ದೇವಾಲಯ ಪ್ರವೇಶದ ಕಾಯ್ದೆಯೂ ಇಲ್ಲಿ ಜಾರಿಗೆ ಬಂದವು. ನೂರು ವರ್ಷದಿಂದ ಈ ಎರೆ ಸೀಮೆಯಲ್ಲಿ ಸಮಾನತೆ ಸರಕಾರಿ ಕಾಗದದ ಮೇಲಿದೆ.

ಹಾಗಿದ್ದೂ ಗಜೇಂದ್ರಗಡದ ಪಕ್ಕದ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಏನಾಯಿತು? ಎರಡು ವರ್ಷದ ದಲಿತ ಕೂಸು ಗುಡಿಯೊಳಗೆ ಓಡಿತು. ಗುಡಿ ಶುದ್ಧ ಮಾಡಲು 25,000 ರೂಪಾಯಿ ಕೊಡಬೇಕೆಂದು ಊರ ಸಭೆಯಲ್ಲಿ ಹೇಳಲಾಯಿತು. ಸುದ್ದಿ ಹಬ್ಬಿ ಬಂಧನಗಳಾದವು. ನನ್ನ ಮನಸ್ಸಿನಲ್ಲಿ ಉಳಿದಿರುವ ಸಂಗತಿ ಬೇರೆ: ದೂರು ಕೊಡಲು ಆ ಮನೆಯವರು ಮುಂದೆ ಬರಲಿಲ್ಲ, ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ ದೂರು ಕೊಡಬೇಕಾಯಿತು.

ಕಾಯ್ದೆಯ ನಿಜವಾದ ಕೊರತೆ ಇಲ್ಲಿದೆ. ಅದು ಕೆಲಸ ಶುರು ಮಾಡುವುದು ಠಾಣೆಯಲ್ಲಿ, ಒಬ್ಬ ಮನುಷ್ಯನ ದೂರಿನಿಂದ. ಆ ಮನುಷ್ಯ ಮಾರನೆಯ ದಿನ ಕಡಲೆ ಕೀಳಲು ಕೂಲಿಗೆ ಹೋಗಬೇಕಾದ್ದು ಆರೋಪಿಯ ಹೊಲಕ್ಕೆ, ಉದ್ರಿ ಕೇಳಬೇಕಾದ್ದು ಅವನ ಬೀಗರ ಕಿರಾಣಿಯಲ್ಲಿ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ ಮತ್ತು ಹೋಟೆಲಿನ ಪ್ರವೇಶ ಕೇಳಿದ್ದರ ಹಿನ್ನೆಲೆಯಲ್ಲೇ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ಸೆಷನ್ಸ್ ನ್ಯಾಯಾಲಯ 101 ಮಂದಿ ತಪ್ಪಿತಸ್ಥರೆಂದು ಹೇಳಿ, 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್ 24ರಂದು. ಕೆಲವೇ ವಾರಗಳಲ್ಲಿ ಅವರಲ್ಲಿ ಬಹುತೇಕರಿಗೆ ಧಾರವಾಡದ ಹೈಕೋರ್ಟ್ ಪೀಠದಿಂದ ಜಾಮೀನು ಸಿಕ್ಕಿತು. ತೀರ್ಪು ದೊಡ್ಡದು, ಅದನ್ನು ಗೌರವಿಸುತ್ತೇನೆ. ಆದರೆ ಸಾಕ್ಷಿ ಹೇಳಿದವರು ಹತ್ತು ವರ್ಷ ಅದೇ ಊರಲ್ಲಿ ಬದುಕು ಸಾಗಿಸಿದರಲ್ಲ, ಆ ಧೈರ್ಯಕ್ಕೆ ಕಾಯ್ದೆಯಿಂದ ಸಿಕ್ಕ ಆಸರೆ ತೀರ ಕಡಿಮೆ.

ಇನ್ನೊಂದು ಕೊರತೆ ಬರಹದೊಳಗೇ ಇದೆ. ಬೇರೆಯವರಿಗೆ ಕೊಡುವ ಹೊತ್ತಿನಲ್ಲಿ, ಅದೇ ಜಾಗದಲ್ಲಿ, ಅದೇ ಷರತ್ತಿನಲ್ಲಿ ಸೇವೆ ನಿರಾಕರಿಸಿದರೆ ಅಪರಾಧ ಎನ್ನುತ್ತದೆ 6ನೇ ಕಲಮು. ದಲಿತ ಹುಡುಗರು ಬಂದು ಕುರ್ಚಿಯಲ್ಲಿ ಕೂತರೆ ಅಂಗಡಿಯ ಬಾಗಿಲನ್ನೇ ಎಳೆದುಬಿಡುವ ಪದ್ಧತಿ ನಮ್ಮ ನಾಡಿನ ಹಲವು ಹಳ್ಳಿಗಳಲ್ಲಿದೆ. ಎಲ್ಲರಿಗೂ ಮುಚ್ಚಿದ ಮೇಲೆ ಹೋಲಿಸಿ ತೋರಿಸುವುದು ಯಾರ ಜೊತೆ? ಅಮೆರಿಕದಲ್ಲೂ ಹೀಗೇ ಆಗಿದೆ. ಮಿಸಿಸಿಪ್ಪಿಯ ಜಾಕ್ಸನ್ ನಗರ ಕರಿಯರ ಜೊತೆ ಈಜಲು ಮನಸ್ಸಿಲ್ಲದೆ ತನ್ನ ಈಜುಕೊಳಗಳನ್ನು ಮುಚ್ಚಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದು ತಪ್ಪಲ್ಲ ಎಂದಿತು, ಐದಕ್ಕೆ ನಾಲ್ಕರ ಬಹುಮತದಿಂದ. ನನಗೆ ಅದು ಹೇಡಿ ತೀರ್ಪಾಗಿ ಕಾಣುತ್ತದೆ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಇದೇ ಹಟದಿಂದ ಶಾಲೆಗಳನ್ನು ಮುಚ್ಚಿದಾಗ 1964ರಲ್ಲಿ ಅದೇ ಕೋರ್ಟು ತಡೆದಿತ್ತು.

ಅಮೆರಿಕದ ಕಾಯ್ದೆಯಿಂದ ನಾವು ಕಲಿಯಬೇಕಾದ್ದು ಅದರ 6ನೇ ಅಧ್ಯಾಯವನ್ನು. ಭೇದ ಮಾಡುವ ಸಂಸ್ಥೆಗೆ ಕೇಂದ್ರದ ಹಣ ನಿಲ್ಲಿಸಬಹುದು. ಯಾರನ್ನೂ ಜೈಲಿಗೆ ಕಳಿಸಬೇಕಿಲ್ಲ, ಇಲಾಖೆಯ ವಿಚಾರಣೆ ಸಾಕು. 1964ರಲ್ಲಿ ದಕ್ಷಿಣದ ರಾಜ್ಯಗಳ ಕರಿಯ ಮಕ್ಕಳಲ್ಲಿ ಬಿಳಿಯರೇ ಹೆಚ್ಚಿದ್ದ ಶಾಲೆಗಳಲ್ಲಿದ್ದವರು ನೂರಕ್ಕೆ ಎರಡು ಮೂರು ಮಂದಿ. ಹಣದ ಹೆದರಿಕೆಯೂ ಕೋರ್ಟಿನ ಆಜ್ಞೆಗಳೂ ಸೇರಿ 1970ರ ಹೊತ್ತಿಗೆ ಅದು ಮೂವತ್ತು ದಾಟಿತು.

ನಮ್ಮ ಕಾಯ್ದೆಯಲ್ಲೂ ಇಂಥದ್ದಿದೆ. 8ನೇ ಕಲಮಿನ ಪ್ರಕಾರ ತಪ್ಪಿತಸ್ಥನ ವ್ಯಾಪಾರದ ಲೈಸೆನ್ಸ್ ರದ್ದು ಮಾಡಬಹುದು. 9ನೇ ಕಲಮಿನ ಪ್ರಕಾರ ಗುಡಿಗೆ ಸರಕಾರ ಕೊಟ್ಟ ಭೂಮಿ, ಹಣ ವಾಪಸು ಪಡೆಯಬಹುದು. 1976ರ ತಿದ್ದುಪಡಿಯಲ್ಲಿ ಕಾಯ್ದೆಯ ಹೆಸರು ನಾಗರಿಕ ಹಕ್ಕುಗಳ ರಕ್ಷಣೆಯೆಂದಾಯಿತು, ರಾಜಿಗೆ ಅವಕಾಶ ಹೋಯಿತು. ಆದರೆ ಈ ಎರಡು ಕಲಮುಗಳು ಇಂದಿಗೂ ಕಾಯುವುದು ಶಿಕ್ಷೆಯ ತೀರ್ಪಿಗಾಗಿ. ಮರಕುಂಬಿಯಂತೆ ಅದಕ್ಕೆ ಹತ್ತು ವರ್ಷ ಹಿಡಿದರೆ ಅಷ್ಟು ದಿನ ಅಂಗಡಿ ಹೇಗಿತ್ತೋ ಹಾಗೇ ನಡೆಯುತ್ತದೆ. ಇತ್ತ 6ನೇ ಕಲಮಿನ ದಂಡ ಇವತ್ತಿಗೂ 100ರಿಂದ 500 ರೂಪಾಯಿ. 2016ರಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ಬಂದ ತಿದ್ದುಪಡಿ ಬಹಿಷ್ಕಾರವನ್ನೂ ಅಂಗಡಿ ಪ್ರವೇಶಕ್ಕೆ ಅಡ್ಡಿ ಮಾಡುವುದನ್ನೂ ಅಪರಾಧವಾಗಿಸಿ ಐದು ವರ್ಷದವರೆಗೆ ಶಿಕ್ಷೆ ಇಟ್ಟಿತು. ದಾರಿ ಮಾತ್ರ ಮತ್ತೆ ಠಾಣೆಯ ಮೂಲಕವೇ.

ನರಗುಂದದ ರೈತರು 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಎದ್ದು ಗುಂಡಿಗೆ ಎದೆ ಕೊಟ್ಟರು. ಪ್ರತಿವರ್ಷ ಹುತಾತ್ಮರನ್ನು ನೆನೆಯುತ್ತಾರೆ. ಹಕ್ಕೆಂದರೆ ಏನೆಂದು ಈ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಆ ರೈತ ವೇದಿಕೆಯಿಂದಲೇ ಕ್ಷೌರದಂಗಡಿಯ ಮಾತು ಬರಬೇಕೆಂದು ನನ್ನ ಆಸೆ. ಲೈಸೆನ್ಸ್ ಕೊಡುವುದು ಗ್ರಾಮ ಪಂಚಾಯಿತಿ ಮತ್ತು ಪುರಸಭೆ. ಭೇದ ಕಂಡರೆ ತಹಶೀಲ್ದಾರರ ವಿಚಾರಣೆಯ ಮೇಲೆ ಅದನ್ನು ತಡೆಹಿಡಿಯುವ ಅಧಿಕಾರ ಕಾಯ್ದೆಯಲ್ಲಿ ಬರಲಿ, ಬೇಕೆಂದೇ ಮುಚ್ಚಿದ ಅಂಗಡಿಯನ್ನೂ ನಿರಾಕರಣೆ ಎಂದೇ ಎಣಿಸಲಿ, ದೂರು ಕೊಟ್ಟ ಮನೆಗೆ ಆ ಹಂಗಾಮಿನ ಕೂಲಿಯನ್ನು ಉದ್ಯೋಗ ಖಾತ್ರಿಯಲ್ಲಿ ಮೊದಲು ಕೊಡಲಿ.