ಬರ್ಲಿನ್ನಿನ ಮಾರ್ದನಿ
1993ರಲ್ಲಿ ಬರ್ಲಿನ್ನಿನ ಮೊರಿಟ್ಜ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಎರ್ನೆಸ್ಟಸ್ 'ಬೇಸಿಕ್ ಚಾನೆಲ್' ಹೆಸರಿನಲ್ಲಿ ತಂದ ಮುದ್ರಿಕೆಗಳು ಡಬ್ ಟೆಕ್ನೋ ಎಂಬ ಎಲೆಕ್ಟ್ರಾನಿಕ್ ಸಂಗೀತ ಪ್ರಕಾರಕ್ಕೆ ರೂಪ ಕೊಟ್ಟವು. ಅದರ ತಾಳ ಡೆಟ್ರಾಯಿಟ್‌ನ ಟೆಕ್ನೋದಿಂದ ಬಂದದ್ದು. ಮಾರ್ದನಿಯನ್ನೇ ವಾದ್ಯವಾಗಿಸುವ ಕಲೆ ಜಮೈಕಾದ ಡಬ್ ನಿರ್ಮಾಪಕ ಕಿಂಗ್ ಟಬ್ಬಿಯಂಥವರದು. ಹಾಗಾದರೆ ಬರ್ಲಿನ್ನಿನ ಈ ಜೋಡಿಯದೇನು? ಹಾಡನ್ನು ಪೂರ್ತಿ ಬಿಟ್ಟು, ಒಂದೇ ಕಾರ್ಡನ್ನು ಎಕೋ, ಫಿಲ್ಟರ್‌ಗಳಲ್ಲಿ ಹಾಯಿಸಿ ಹತ್ತು ನಿಮಿಷಕ್ಕೂ ಮೀರಿ ಬೆಳೆಸುವ ಧೈರ್ಯ. ಅವರ 'ಕ್ವಾಡ್ರಂಟ್ ಡಬ್' ಕೃತಿಯಲ್ಲಿ, ಷಡ್ಜದಲ್ಲೇ ನಿಂತು ಅದನ್ನು ಅರಳಿಸುವ ಗಾಯಕರ ತಾಳ್ಮೆಯಿದೆ.

ಜಮೈಕಾದ ಸಂಗೀತದ ಋಣವನ್ನೂ ಅವರು ಮುಚ್ಚಿಡಲಿಲ್ಲ. ನ್ಯೂಯಾರ್ಕಿನ ರೆಗೆ ಸಂಸ್ಥೆ ವಾಕೀಸ್‌ನ ಹಳೆಯ ಮುದ್ರಿಕೆಗಳನ್ನು ಮತ್ತೆ ಹೊರತಂದರು. ಅವರ 'ಚೇನ್ ರಿಯಾಕ್ಷನ್' ಲೇಬಲ್ಲಿನಲ್ಲಿ ಫಿನ್ಲೆಂಡಿನ ಸಂಗೀತಗಾರ ವ್ಲಾಡಿಸ್ಲಾವ್ ಡಿಲೇ ತಾಳವನ್ನೇ ಕರಗಿಸಿದ. ಡೆಟ್ರಾಯಿಟ್ ಕಡೆಯ ಡೀಪ್‌ಕಾರ್ಡ್ ತಂಡದವರು ಅದೇ ಪಾಠಕ್ಕೆ ಮಂಜಿನಂಥ ಮರ್ಮರ ಸೇರಿಸಿದರು. ಸಲಕರಣೆಗಳು ಹೆಚ್ಚೂಕಡಿಮೆ ಅವೇ. ಕೇಳುವ ಕಿವಿ ಮಾತ್ರ ಒಬ್ಬೊಬ್ಬರದು ಬೇರೆ. ಸ್ವಂತಿಕೆ ಇರುವುದು ಆ ಕಿವಿಯಲ್ಲೇ.