ನಾಲ್ಕು ಡಿಸ್ಕಿನ ಪೆಟ್ಟಿಗೆಗೆ ಸಂದ ಅತಿ ಗೌರವ

ಪುಣೆಯ ಹಿಂಜವಡಿಯಲ್ಲಿ ದುಡಿದು ವಾಕಡದಲ್ಲಿ ಮನೆ ಮಾಡಿರುವ ಕನ್ನಡಿಗರಲ್ಲಿ ಯಾರನ್ನಾದರೂ ಕೇಳಿ: ಮನೆಯ ಸಿನಿಮಾ, ಸಂಗೀತ, ಫೋಟೋ ಎಲ್ಲ ಒಂದೆಡೆ ಇಡಲು ಯಾವ ಯಂತ್ರ ಕೊಳ್ಳಬೇಕು? ನಾಲ್ಕು ಡಿಸ್ಕ್ ಹಿಡಿಯುವ ನ್ಯಾಸ್ ಪೆಟ್ಟಿಗೆ ತಗೊಳ್ಳಿ, ರೇಡ್ 5 ಹಾಕಿ, ನಿಶ್ಚಿಂತೆಯಿಂದಿರಿ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ನ್ಯಾಸ್ ಎಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕುಗಳ ಪೆಟ್ಟಿಗೆ; ರೇಡ್ 5 ಎಂದರೆ ಒಂದು ಡಿಸ್ಕು ಕೆಟ್ಟರೂ ಉಳಿದವು ಕೆಲಸ ನಡೆಸುವ ಜೋಡಣೆ. ಪೆಟ್ಟಿಗೆ ದುಬಾರಿ ಎಂಬುದು ಸಣ್ಣ ತಕರಾರು. ನಿಶ್ಚಿಂತೆ ಎಂಬ ಮಾತಿಗೆ ಮಾತ್ರ ಆಧಾರವಿಲ್ಲ. ಈ ವ್ಯವಸ್ಥೆಗೆ ಸಿಕ್ಕಿರುವ ಗೌರವ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಕಚೇರಿಯಿಂದ ಹೊರಬಿದ್ದ ಹಳೆಯ ಕಂಪ್ಯೂಟರು ಮತ್ತು ಊರಿನ ಮನೆಯಲ್ಲಿಟ್ಟ ಇನ್ನೊಂದು ಡಿಸ್ಕು ಅನ್ಯಾಯವಾಗಿ ಮೂಲೆಗುಂಪಾಗಿವೆ.

ಯಾವ ತಂತ್ರಾಂಶ ಬೇಕು, ಜೆಲ್ಲಿಫಿನ್ನೋ ಪ್ಲೆಕ್ಸೋ, ಲಿನಕ್ಸೋ ವಿಂಡೋಸೋ ಎಂಬ ಚರ್ಚೆ ಬಲ್ಲವರಿಗೆ ಹಳತು, ಅದನ್ನು ಬಿಡುತ್ತೇನೆ. ಯಂತ್ರವನ್ನು ಅಳೆಯಬೇಕಾದ್ದು ಅದರಲ್ಲಿ ಏನು ಇಡುತ್ತೇವೆ ಎಂಬುದರಿಂದ. ಪುಣೆಯ ಕನ್ನಡ ಮನೆಗಳಲ್ಲಿ ಇರುವ ಸರಕು ಎರಡು ಬಗೆಯದು. ಒಂದು, ಡಿಸ್ಕಿನಿಂದ ಇಳಿಸಿಕೊಂಡ ಸಿನಿಮಾಗಳು. ಕಳೆದರೆ ಬೇಸರ, ಆದರೆ ಮತ್ತೆ ಸಿಕ್ಕಾವು. ಇನ್ನೊಂದು, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ್ದು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಇಲ್ಲಿ ಶುರುಮಾಡಿದ ಉತ್ಸವವನ್ನು ಕೇಳುತ್ತ ಬಂದ ಮನೆಗಳ ಕ್ಯಾಸೆಟ್ಟುಗಳು, ಅಜ್ಜಿಯ ಬಾಯಿಂದ ಹಿಡಿದಿಟ್ಟ ಬೀಸುವ ಪದ, ಅಕ್ಕನ ಮದುವೆಯ ಮಿನಿ ಡಿವಿ ಟೇಪು. ಇವುಗಳ ಗಾತ್ರ ಲೆಕ್ಕ ಹಾಕಿ ನೋಡಿ. ಒಂದು ಗಂಟೆಯ ಸಂಗೀತ ಫ್ಲ್ಯಾಕ್ ರೂಪದಲ್ಲಿ ಸುಮಾರು 350 ಮೆಗಾಬೈಟ್. ಸಾವಿರ ಗಂಟೆಗೆ 350 ಗಿಗಾಬೈಟ್. ಮಿನಿ ಡಿವಿಯ ಒಂದು ಗಂಟೆ 13 ಗಿಗಾಬೈಟ್. ಮೂವತ್ತು ಟೇಪಿಗೆ 390. ಎರಡೂ ಸೇರಿದರೂ ಒಂದು ಟೆರಾಬೈಟ್ ಆಗದು. ಹದಿನೈದು 4ಕೆ ಸಿನಿಮಾ ನುಂಗುವಷ್ಟು ಜಾಗದಲ್ಲಿ ಒಂದು ಮನೆತನದ ನೆನಪೆಲ್ಲ ಕುಳಿತುಬಿಡುತ್ತದೆ. ಅತ್ಯಮೂಲ್ಯವಾದದ್ದೇ ಅತಿ ಸಣ್ಣದು. ರೇಡ್ 5ಕ್ಕೆ ಈ ಭೇದವೇ ತಿಳಿಯದು. ಅಜ್ಜಿಯ ಹಾಡಿಗೂ ಬಾಲಿವುಡ್ಡಿನ ಸಿನಿಮಾಕ್ಕೂ ಅದು ಒಂದೇ ಕಾವಲು ಕೊಡುತ್ತದೆ, ಅದೂ ಒಂದೇ ಜಾಗದಲ್ಲಿ.

ರೇಡ್ ಹುಟ್ಟಿದ್ದೇ ಬೇರೆ ಹಸಿವಿಗೆ. ಬರ್ಕ್‌ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ 1988ರಲ್ಲಿ ಬರೆದ ಪ್ರಬಂಧದ ಗುರಿ, ಮೇನ್‌ಫ್ರೇಮಿನ ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಜೋಡಿಸಿ ವೇಗ ಗಳಿಸುವುದು. ಡಿಸ್ಕು ಹೆಚ್ಚಿದಷ್ಟೂ ಯಾವುದಾದರೊಂದು ಕೆಡುವ ಸಂಭವ ಹೆಚ್ಚು. ಕೆಟ್ಟರೂ ಕೆಲಸ ನಿಲ್ಲದಿರಲಿ ಎಂದು ಪ್ಯಾರಿಟಿ, ಅಂದರೆ ಕಳೆದ ತುಣುಕನ್ನು ಉಳಿದವುಗಳಿಂದ ಲೆಕ್ಕಹಾಕಿ ಪಡೆಯಲು ಇಡುವ ಹೆಚ್ಚುವರಿ ತುಣುಕು. ವೇಗ ಮತ್ತು ನಿಲ್ಲದ ಓಟ, ಇವೆರಡು ಬ್ಯಾಂಕಿಗೆ ಪ್ರಾಣ. ಮನೆಗೆ? ಅತಿ ದಟ್ಟವಾದ 4ಕೆ ಸಿನಿಮಾ ಸೆಕೆಂಡಿಗೆ 128 ಮೆಗಾಬಿಟ್, ಅಂದರೆ 16 ಮೆಗಾಬೈಟ್ ಕೇಳೀತು. ಇಂದಿನ ಒಂಟಿ ಡಿಸ್ಕು ಸೆಕೆಂಡಿಗೆ ನೂರೈವತ್ತಕ್ಕೂ ಹೆಚ್ಚು ಮೆಗಾಬೈಟ್ ಕೊಡುತ್ತದೆ. ಇನ್ನು ಸಿನಿಮಾ ಎರಡು ದಿನ ಸಿಗದಿದ್ದರೆ ಯಾವ ಮನೆಯೂ ಮುಳುಗುವುದಿಲ್ಲ. ರೇಡ್ ಕೊಡುವ ಎರಡು ವರಗಳೂ ನಮಗೆ ಬೇಡವಾದವು.

ಈಗ ಆ ಪೆಟ್ಟಿಗೆ ತನ್ನ ಹೆಸರು ಉಳಿಸಿಕೊಳ್ಳಬೇಕಾದ ಒಂದೇ ಒಂದು ಗಳಿಗೆಯನ್ನು, ರಿಬಿಲ್ಡನ್ನು, ಹತ್ತಿರದಿಂದ ನೋಡೋಣ. ನಾಲ್ಕು ಎಂಟು ಟೆರಾಬೈಟ್ ಡಿಸ್ಕುಗಳು, ಮೂರನೆಯದು ಕೆಟ್ಟಿತು. ಹೊಸದನ್ನು ತಂದು ಸಿಕ್ಕಿಸುತ್ತೀರಿ. ಆಗ ಯಂತ್ರ ಉಳಿದ ಮೂರು ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ, ಒಟ್ಟು 24 ಟೆರಾಬೈಟ್, ಓದಬೇಕು. ಪ್ರತಿ ಪಟ್ಟಿಯಲ್ಲೂ ಮೂರು ತುಣುಕು ಕೂಡಿಸಿ ನಾಲ್ಕನೆಯದನ್ನು ಕಂಡುಹಿಡಿದು ಬರೆಯಬೇಕು. ಸೆಕೆಂಡಿಗೆ 180 ಮೆಗಾಬೈಟಿನ ವೇಗ ಒಮ್ಮೆಯೂ ತಗ್ಗದಿದ್ದರೆ ಹನ್ನೆರಡು ಗಂಟೆ. ನಿಜದಲ್ಲಿ ಇನ್ನೂ ಹೆಚ್ಚು. ಅಷ್ಟು ಹೊತ್ತೂ ಪ್ಯಾರಿಟಿಯ ರಕ್ಷೆಯಿಲ್ಲ. ಆ ಮೂರು ಡಿಸ್ಕುಗಳೋ, ಹೆಚ್ಚಾಗಿ ಕೆಟ್ಟದ್ದರ ಜೊತೆಗೇ ಒಂದೇ ಅಂಗಡಿಯಿಂದ ಬಂದವು, ಟಿವಿ ಕಪಾಟಿನಲ್ಲಿ ಏಪ್ರಿಲ್‌ನ ಅದೇ ಸೆಕೆ ತಿಂದವು, ಅದೇ ಪವರ್ ಸಪ್ಲೈಯ ಏರಿಳಿತ ಕಂಡವು. ಅವುಗಳ ಬದುಕಿನಲ್ಲೇ ಅತಿ ಕಠಿಣ ದುಡಿಮೆಯನ್ನು ನಾವು ಹೇರುವುದು ಅವುಗಳ ಮೇಲಿನ ನಂಬಿಕೆ ಅತಿ ಕಡಿಮೆಯಿರುವ ದಿನವೇ.

ಹೊಸ ಡಿಸ್ಕಿನ ಜಾತಿ ಯಾವುದು ಎಂಬುದು ಮುಂದಿನ ಪ್ರಶ್ನೆ. ಎಸ್‌ಎಂಆರ್ ಬಗೆಯ ಡಿಸ್ಕಿನಲ್ಲಿ ದತ್ತಾಂಶದ ಸಾಲುಗಳು ಮಂಗಳೂರು ಹಂಚಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಒಂದು ಸಾಲು ತಿದ್ದಲು ಅದರ ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಈ ಕಷ್ಟ ಮರೆಸಲು ಡಿಸ್ಕು ಹೊಸ ಬರಹವನ್ನು ಮೊದಲು ಒಂದು ಚಿಕ್ಕ ಭಾಗದಲ್ಲಿ ಕೂಡಿಟ್ಟು, ಬಿಡುವಾದಾಗ ತನ್ನ ಜಾಗಕ್ಕೆ ಸಾಗಿಸುತ್ತದೆ. ರಿಬಿಲ್ಡಿನಲ್ಲಿ ಬಿಡುವೆಂಬುದೇ ಇಲ್ಲ. ಕೂಡಿಟ್ಟ ಜಾಗ ತುಂಬಿ ಡಿಸ್ಕು ಉತ್ತರ ಕೊಡದಾಗುತ್ತದೆ. ಉತ್ತರ ಬಾರದ ಡಿಸ್ಕು ಸತ್ತಿದೆಯೆಂದು ತಿಳಿದು ಯಂತ್ರ ಅದನ್ನು ಗುಂಪಿನಿಂದ ಹೊರಹಾಕಬಹುದು. 2020ರ ಏಪ್ರಿಲ್‌ನಲ್ಲಿ ಬಯಲಾದದ್ದು ಇದೇ: ನ್ಯಾಸ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ರೆಡ್ ಡಿಸ್ಕುಗಳಲ್ಲಿ 2ರಿಂದ 6 ಟೆರಾಬೈಟ್‌ವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಆಗಿದ್ದವು, ಕೊಳ್ಳುವವರಿಗೆ ಅದನ್ನು ತಿಳಿಸಿರಲಿಲ್ಲ. ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಪರೀಕ್ಷಿಸಿದವರಿಗೆ, ಸಾಲುಗಳು ಒಂದರ ಮೇಲೊಂದು ಕೂರದ ಹಳೆಯ ಸಿಎಂಆರ್ ಡಿಸ್ಕು ಒಂದು ದಿನದೊಳಗೆ ಮುಗಿಸುತ್ತಿದ್ದ ರಿಬಿಲ್ಡ್ ಒಂಬತ್ತು ದಿನಕ್ಕೂ ಮಿಕ್ಕಿ ಎಳೆಯಿತು. ಆಮೇಲೆ ಕಂಪನಿ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟಿತು.

ಈ ಪ್ರಸಂಗದಿಂದ ಎಲ್ಲರೂ ಕಲಿತ ಪಾಠ, ಎಸ್‌ಎಂಆರ್ ಕೆಟ್ಟದ್ದು ಎಂಬುದು. ನಾನು ಒಪ್ಪುವುದಿಲ್ಲ. ಒಮ್ಮೆ ಬರೆದು ಹಲವು ಸಲ ಓದುವ ಸಿನಿಮಾ, ಹಾಡುಗಳಿಗೆ ಒಂಟಿಯಾಗಿ ಕೂತ ಎಸ್‌ಎಂಆರ್ ಡಿಸ್ಕು ಚೆನ್ನಾಗಿಯೇ ನಡೆಯುತ್ತದೆ. ರೇಡ್‌ನಲ್ಲಿ ಒಂಬತ್ತು ದಿನ ಒದ್ದಾಡಿದ ಅದೇ ಡಿಸ್ಕು ಹುಬ್ಬಳ್ಳಿಯಂಥ ಊರಿನ ಮನೆಯಲ್ಲಿ ಪ್ರತಿ ಕಾಯಲು ಸಾಕಷ್ಟು ಯೋಗ್ಯ. ದೋಷ ಡಿಸ್ಕಿನಲ್ಲಿ ಎಷ್ಟಿತ್ತೋ, ಮನೆಯ ಸರಕನ್ನು ರಿಬಿಲ್ಡ್ ಎಂಬ ಅಗ್ನಿಪರೀಕ್ಷೆಗೆ ಒಡ್ಡುವ ಜೋಡಣೆಯಲ್ಲೂ ಅಷ್ಟೇ ಇತ್ತು.

ರೇಡ್ 5ನ್ನು ಬೈಯುವ ಹಳೆಯ ವಿಮರ್ಶಕರೊಡನೆಯೂ ನನಗೆ ಜಗಳವಿದೆ. 2007ರಲ್ಲಿ ರಾಬಿನ್ ಹ್ಯಾರಿಸ್, 2009ಕ್ಕೆ ರೇಡ್ 5 ಕೆಲಸಕ್ಕೆ ಬಾರದಾಗುತ್ತದೆಂದು ಬರೆದರು. ಅವರ ಆಧಾರ ಡಿಸ್ಕಿನ ವಿವರಪಟ್ಟಿಯ ಒಂದು ಸಾಲು: ಓದಲಾಗದ ದೋಷ ಹತ್ತರ ಹದಿನಾಲ್ಕನೇ ಘಾತದಷ್ಟು ಬಿಟ್ಟಿಗೆ ಒಂದು. ಅಂದರೆ ಹನ್ನೆರಡೂವರೆ ಟೆರಾಬೈಟಿಗೊಂದು ದೋಷ. ಈ ಲೆಕ್ಕವನ್ನು ಇಂದಿಗೂ ಮಂತ್ರದಂತೆ ಪಠಿಸುವವರಿದ್ದಾರೆ. 24 ಟೆರಾಬೈಟ್ ಓದುವಾಗ ಎಡವುವ ಸಂಭವ ನೂರಕ್ಕೆ 85 ಎಂದು ಹೆದರಿಸುತ್ತಾರೆ. ಆ ಸಾಲು ತಯಾರಕರು ಹಾಕಿದ ಗರಿಷ್ಠ ಮಿತಿ. ಅದನ್ನು ಸರಾಸರಿಯೆಂದು ಓದಿದ್ದೇ ತಪ್ಪು. ಅದು ಸರಾಸರಿಯಾಗಿದ್ದರೆ 32 ಟೆರಾಬೈಟ್ ಪೂರ್ತಿ ಓದುವ ತಿಂಗಳ ತಪಾಸಣೆಯಲ್ಲಿ ಪ್ರತಿ ಸಲ ಎರಡು ಮೂರು ದೋಷ ಕಾಣಬೇಕಿತ್ತು. ಆರೋಗ್ಯವಾಗಿರುವ ಡಿಸ್ಕುಗಳಲ್ಲಿ ವರ್ಷಗಟ್ಟಲೆ ಒಂದೂ ಕಾಣದು. ಸುಳ್ಳು ಲೆಕ್ಕದಿಂದ ಸರಿಯಾದ ಅನುಮಾನಕ್ಕೆ ಬಂದವರ ಪರಿಹಾರವೂ ಅಡ್ಡದಾರಿ ಹಿಡಿಯಿತು: ರೇಡ್ 6 ಹಾಕಿ, ಇನ್ನೊಂದು ಡಿಸ್ಕು ಸೇರಿಸಿ ಎಂದರು. ಅದೇ ಮನೆಗೆ, ಅದೇ ಪೆಟ್ಟಿಗೆಗೆ ಮತ್ತಷ್ಟು ಹಣ!

ದೋಷವನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ್‍ಯಾಮ್ ಇಲ್ಲದೆ ಝಡ್‌ಎಫ್‌ಎಸ್ ಮುಟ್ಟಬೇಡಿ, ತಪಾಸಣೆಯೇ ದತ್ತಾಂಶವನ್ನು ತಿಂದುಹಾಕುತ್ತದೆ ಎನ್ನುವ ಇನ್ನೊಂದು ಪಂಗಡವಿದೆ. ಝಡ್‌ಎಫ್‌ಎಸ್ ಕಟ್ಟಿದವರಲ್ಲೊಬ್ಬರಾದ ಮ್ಯಾಥ್ಯೂ ಆಹ್ರೆನ್ಸ್ ಅವರೇ, ಬೇರೆ ಕಡತ ವ್ಯವಸ್ಥೆಗಳಿಗಿಂತ ಇದಕ್ಕೆ ಇಸಿಸಿ ಹೆಚ್ಚು ಅಗತ್ಯವೇನಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಇಸಿಸಿ ಒಳ್ಳೆಯದೇ. ಆದರೆ ಅದಕ್ಕಾಗಿ ಸರ್ವರ್ ಬೋರ್ಡು ಕೊಂಡು, ಎರಡನೇ ಪ್ರತಿಗೆ ದುಡ್ಡಿಲ್ಲ ಎನ್ನುವವರು ಆದ್ಯತೆಯನ್ನೇ ತಲೆಕೆಳಗು ಮಾಡಿದ್ದಾರೆ.

ಒಂದೇ ಜಾಗದ ಅಪಾಯ ಏನೆಂದು ಪುಣೆಗೆ ಯಾರೂ ಹೇಳಿಕೊಡಬೇಕಿಲ್ಲ. 1964ರಲ್ಲಿ ಇಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿತು. 2003ರ ಜನವರಿ 8ರ ಬೆಂಕಿಯಲ್ಲಿ ಅದರ ನೈಟ್ರೇಟ್ ಫಿಲ್ಮುಗಳ ರಾಶಿ ಸುಟ್ಟುಹೋಯಿತು. ಪ್ರತಿ ಉಳಿಯದ ನಷ್ಟ ಕನ್ನಡಕ್ಕೂ ಹೊಸದಲ್ಲ: ಕನ್ನಡದ ಮೊದಲ ವಾಕ್ಚಿತ್ರ, ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ ತಯಾರಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’, ಇಂದು ನೋಡಲು ಸಿಗದು. ವಾಕಡದ ಬಾಡಿಗೆ ಮನೆಗೆ ಅಪಾಯ ಇನ್ನೂ ಸಾಮಾನ್ಯವಾದ ದಾರಿಯಲ್ಲಿ ಬರುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿದು ಮನೆ ಬದಲಿಸುವಾಗ ನಾಲ್ಕೂ ಡಿಸ್ಕುಗಳು ಒಂದೇ ಟೆಂಪೋದಲ್ಲಿ ಕುಲುಕಾಡುತ್ತ ಹೋಗುತ್ತವೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ದಾಳಿ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದಾಗ, ಪ್ಯಾರಿಟಿ ಆ ಬೀಗವನ್ನೇ ನಿಷ್ಠೆಯಿಂದ ಕಾಪಾಡಿತು.

ಹಾಗಾದರೆ ಏನು ಕೊಳ್ಳಬೇಕು? ಅದೇ ನಾಲ್ಕು ಡಿಸ್ಕುಗಳನ್ನು ಎರಡೆರಡಾಗಿ ಹಂಚಿ. ರೇಡ್ 5ರಲ್ಲಿ 24 ಟೆರಾಬೈಟಿನ ಒಂದು ಪ್ರತಿ; ಹೀಗೆ ಹಂಚಿದರೆ 16 ಟೆರಾಬೈಟಿನ ಎರಡು ಪ್ರತಿ, ಎರಡು ಊರಿನಲ್ಲಿ. ಕಳೆದುಕೊಂಡದ್ದು ಮತ್ತೆ ಸಿಗುವ ಸಿನಿಮಾಗಳ ಎಂಟು ಟೆರಾಬೈಟ್ ಮಾತ್ರ. ವಾಕಡದಿಂದ ನೇರ ಹೋಗುವ ಹೆದ್ದಾರಿ 48 ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಮುಟ್ಟುತ್ತದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಮೊದಲ ಪ್ರತಿಯನ್ನು ಚೀಲದಲ್ಲೇ ಒಯ್ಯಬಹುದು. ಆಮೇಲೆ ಹೊಸದಾಗಿ ಸೇರಿದ್ದನ್ನಷ್ಟೇ ರಾತ್ರಿ ಹೊತ್ತು ಆರ್‌ಸಿಂಕ್ ಎಂಬ ತಂತ್ರಾಂಶ ಕಳಿಸುತ್ತದೆ.

ಡಿಸ್ಕುಗಳನ್ನು ಹೊರುವ ಯಂತ್ರ ಇಂಟೆಲ್‌ನ ಏಳನೇ ಪೀಳಿಗೆಯ ಹಳೆಯ ಆಫೀಸ್ ಟವರ್ ಆಗಿದ್ದರೆ ಸಾಕು. ವಿಂಡೋಸ್ 11 ಆ ಪೀಳಿಗೆಯನ್ನು ಒಪ್ಪದ್ದರಿಂದ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದ ಮೇಲೆ ಕಚೇರಿಗಳಿಗೆ ಅವು ಬೇಡವಾಗಿವೆ. ಲಿನಕ್ಸಿಗೆ ಆ ಹಂಗಿಲ್ಲ. ಹತ್ತು ಬಿಟ್‌ನ ಎಚ್‌ಇವಿಸಿ ವಿಡಿಯೋ ಬಿಡಿಸುವ ಸಾಮರ್ಥ್ಯ ಆ ಟವರಿನ ಗ್ರಾಫಿಕ್ಸಿನಲ್ಲೇ ಇದೆ. ಸಿನಾಲಜಿಯ ಹೆಸರುವಾಸಿ ಡಿಎಸ್923 ಪ್ಲಸ್ ಪೆಟ್ಟಿಗೆಯ ಎಎಂಡಿ ಪ್ರೊಸೆಸರಿನಲ್ಲಿ ಗ್ರಾಫಿಕ್ಸೇ ಇಲ್ಲ. 2024ರಲ್ಲಿ ಆ ಕಂಪನಿ ತನ್ನ ವಿಡಿಯೋ ಸ್ಟೇಷನ್ ಆ್ಯಪನ್ನೂ ಕೈಬಿಟ್ಟಿತು. 2025ರ ಪ್ಲಸ್ ಮಾದರಿಗಳಿಗೆ ತನ್ನ ಪಟ್ಟಿಯ ಡಿಸ್ಕುಗಳನ್ನೇ ಕಡ್ಡಾಯ ಮಾಡಿ, ವಿರೋಧ ಬಂದ ಮೇಲೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡಿತು. ಮನೆಯ ನೆನಪುಗಳ ಕೀಲಿ ಯಾರ ಕೈಯಲ್ಲಿರಬೇಕು ಎಂದು ಯೋಚಿಸಲು ಇಷ್ಟು ಸಾಕು.

ಪೆಟ್ಟಿಗೆಯ ಪರವಾಗಿ ಹೇಳಬೇಕಾದ್ದೂ ಇದೆ. ಅದು ಚಿಕ್ಕದು, ಸದ್ದು ಕಡಿಮೆ, ಕಂಪ್ಯೂಟರ್ ಬಿಚ್ಚಲು ಅಂಜುವವರಿಗೆ ನಿಜವಾದ ಅನುಕೂಲ. ಹಳೆಯ ಟವರ್ ಕೆಲವು ವ್ಯಾಟ್ ಹೆಚ್ಚು ತಿನ್ನಬಹುದು. ಹತ್ತು ವ್ಯಾಟ್ ಹೆಚ್ಚೆಂದರೆ ವರ್ಷಕ್ಕೆ 88 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ಒಂಬೈನೂರು ರೂಪಾಯಿ ದಾಟದು. ಎರಡರಲ್ಲಿ ಯಾವುದಕ್ಕಾದರೂ ಯುಪಿಎಸ್ ಬೇಕೇ ಬೇಕು. ಬರೆಯುತ್ತಿರುವಾಗ ಕರೆಂಟ್ ಹೋದರೆ ಪ್ಯಾರಿಟಿಯೇ ತಪ್ಪಾಗುವ ಅಪಾಯ ರೇಡ್ 5ಕ್ಕೇ ಹೆಚ್ಚು.

ಆದ್ದರಿಂದ ಕೊಳ್ಳುವ ಕ್ರಮ ಬದಲಾಗಲಿ. ಮೊದಲು ಊರಿನ ಮನೆಯ ಡಿಸ್ಕು, ಆಮೇಲೆ ಯುಪಿಎಸ್, ಆಮೇಲೆ ವಾಕಡದ ಡಿಸ್ಕು ಮತ್ತು ಅದನ್ನು ಹೊರುವ ಹಳೆಯ ಟವರ್. ಇಷ್ಟಾದ ಮೇಲೂ ಹಣ ಮಿಕ್ಕಿ ಪೆಟ್ಟಿಗೆಯ ಆಸೆ ಉಳಿದರೆ ಕೊಳ್ಳಿ, ನನ್ನ ತಕರಾರಿಲ್ಲ. ಇಷ್ಟಾಗದೆ ಕೊಂಡ ನಾಲ್ಕು ಡಿಸ್ಕಿನ ಪೆಟ್ಟಿಗೆ ಎಷ್ಟೇ ದುಬಾರಿಯಾದರೂ, ಅದರೊಳಗೆ ಅಜ್ಜಿಯ ಹಾಡು ಇರುವುದು ಒಂದೇ ಒಂದು ಪ್ರತಿ.