ತಕ್ಕಡಿ ಯಾರ ಕೈಯಲ್ಲಿ?

ವಿಡಿಯೋ ಗೇಮ್ ಎಂದರೆ ಹುಡುಗರ ಕಾಲಹರಣ ಎಂದು ತಳ್ಳಿಹಾಕುವ ನಾವು ಆಡುವವರ ತಕರಾರಿಗೆ ಕಿವಿಗೊಡುವುದಿಲ್ಲ. ‘ಟೆಕ್ಕನ್’ ಎಂಬ ಜಪಾನಿನ ಹೊಡೆದಾಟದ ಆಟವನ್ನೇ ನೋಡಿ. 2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ಜಪಾನ್, ಅಮೆರಿಕ ಎರಡೂ ಕಡೆ ‘ಇವೋ’ ಪಂದ್ಯ ಗೆದ್ದಾಗ, ಇಲ್ಲಿ ಅಭ್ಯಾಸಕ್ಕೇ ಬೆಲೆ ಎನಿಸಿತ್ತು. ಅದೇ ವರ್ಷ ‘ಟೆಕ್ಕನ್ 7’ರ ಕಂಪನಿ, ಯಾವ ಏಟು ಎಷ್ಟು ಬೇಗ ಬೀಳುತ್ತದೆಂದು ತೆರೆಯ ಮೇಲೆ ತೋರಿಸುವ ಲೆಕ್ಕವನ್ನೂ ಬೇರೆ ದುಡ್ಡಿಗೆ ಮಾರಿತು. ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಲೆರಾಯ್ ಎಂಬ ಪಾತ್ರ ಮಿಕ್ಕವರಿಗಿಂತ ಬಲಶಾಲಿ. 2020ರ ಇವೋ ಜಪಾನ್ ಗೆದ್ದವನೂ ಅವನನ್ನೇ ಆಡಿಸಿದ್ದ. ಬಲ ಕುಗ್ಗಿಸಿದ್ದು ಆಮೇಲೆ.

ಪಾತ್ರಗಳ ಬಲಾಬಲ ಬೇರೆ, ವ್ಯಾಪಾರ ಬೇರೆ ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕೊಳ್ಳದವನಿಗೆ ಹೊಸ ಪಾತ್ರವನ್ನು ಆಡಿ ಕಲಿಯುವ ದಾರಿಯಿಲ್ಲ. ಆದರೆ ಅದರ ಏಟು ತಿನ್ನುವುದು ತಪ್ಪುವುದಿಲ್ಲ. ಆಟವನ್ನು ವರ್ಷಗಟ್ಟಲೆ ತಿದ್ದುತ್ತ ಉಳಿಸಲು ಖರ್ಚಿದೆ, ನಿಜ. ಆದರೂ 2025ರ ಏಪ್ರಿಲ್‌ನಲ್ಲಿ ‘ಟೆಕ್ಕನ್ 8’ರ ಬದಲಾವಣೆಗೆ ಆಟಗಾರರು ತಿರುಗಿಬಿದ್ದ ಮೇಲಷ್ಟೇ ಕಂಪನಿ ಮಣಿಯಿತು.

ಗೋಣಿಬೀಡಿನ ಬೆಳೆಗಾರನಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕಾಫಿ ಕೊಳ್ಳುವವನೇ ಔಟ್‌ಟರ್ನ್ ಅಳೆಯುವಾಗ ಬೆಳೆದವನ ಕಣ್ಣೆಲ್ಲ ತಕ್ಕಡಿಯ ಮೇಲೆ. ವ್ಯಾಪಾರದ ಲಾಭ ಹಲಾಲ್. ಆದರೆ ಅಳತೆ ಇಬ್ಬರಿಗೂ ಕಾಣುವಂತಿರಬೇಕು. ಅಳತೆಯನ್ನೇ ಮಾರಾಟಕ್ಕಿಟ್ಟರೆ ಅದು ಆಟವೂ ಅಲ್ಲ, ವ್ಯಾಪಾರವೂ ಅಲ್ಲ.